ಒರೆಸದೆ ಮುಟ್ಟದ ಭಾವ

ನಮ್ಮ ಭಾವ ಯಾವ ವಸ್ತುವನ್ನೂ ಒರೆಸದೆ ಮುಟ್ಟಿದವರಲ್ಲ. ಕುರ್ಚಿ ಕೊಟ್ಟರೆ ಕೂರುವ ಮುನ್ನ ಒರೆಸುವರು, ಲೋಟ ಕೊಟ್ಟರೆ ಕುಡಿಯುವ ಮುನ್ನ ಅದರ ಅಂಚನ್ನು ಒರೆಸುವರು, ಪೆನ್ನು ಕೊಟ್ಟರೆ ಬರೆಯುವ ಮುನ್ನ ಒಮ್ಮೆ, ಬರೆದು ಹಿಂದಿರುಗಿಸುವ ಮುನ್ನ ಇನ್ನೊಮ್ಮೆ ಒರೆಸುವರು. ಅಕ್ಕನ ಮದುವೆಯ ಮಾತಿಗೆಂದು ಅವರು ಮೊದಲ ಸಲ ನಮ್ಮ ಮನೆಗೆ ಬಂದ ದಿನ, ಕೋಟಿನ ಎಡಜೇಬಿನಿಂದ ಬಿಳಿಯ ಬಟ್ಟೆಯೊಂದನ್ನು ತೆಗೆದು, ನಮ್ಮ ಬಾಗಿಲ ಹಿಡಿಯನ್ನು ಒರೆಸಿ, ಆಮೇಲೆ ಅದನ್ನು ಹಿಡಿದು ಬಾಗಿಲು ತೆರೆದುಕೊಂಡು ಒಳಗೆ ಬಂದದ್ದನ್ನು ನಾನು ಕಿಟಕಿಯಿಂದ ಕಣ್ಣಾರೆ ಕಂಡೆ. ಓಡಿಹೋಗಿ ಅಕ್ಕನ ಕಿವಿಯಲ್ಲಿ, "ಹುಷಾರು ಕಣೇ, ನಿನ್ನನ್ನೂ ಒರೆಸಿಯೇ ಕರ್ಕೊಂಡು ಹೋಗ್ತಾನೆ" ಎಂದೆ. ಅದುವರೆಗೆ ನನ್ನ ಮಾತು ಮುಗಿಯುವ ಮೊದಲೇ ನಗುತ್ತಿದ್ದವಳು ಅವಳು. ಆ ದಿನ ನಗಲಿಲ್ಲ. "ಈ ಮನೇಲಿ ಒರೆಸೋರು ಒಬ್ಬರಾದ್ರೂ ಬರ್ಲಿ ಬಿಡು" ಎಂದಳು. ಅವರಿಗೆ ನಾನು 'ಒರೆಸಪ್ಪ' ಎಂದು ಹೆಸರಿಟ್ಟದ್ದು ಅದೇ ಗಳಿಗೆಯಲ್ಲಿ.

ಒಬ್ಬರ ಚಿತ್ರ ಬರೆಯುವವನು ನಿರ್ಮತ್ಸರನಾಗಿರಬೇಕೆಂದು ತಿಳಿದವರು ಹೇಳುತ್ತಾರೆ. ಆ ನಿಯಮಕ್ಕೆ ನಾನು ಒಳಪಡುವವನಲ್ಲವೆಂದು ಮೊದಲೇ ಹೇಳಿಬಿಡುವುದು ಲೇಸು. ಭಾವನ ಮೇಲೆ ನಾನು ಮೂವತ್ತು ವರ್ಷ ಹೊಟ್ಟೆ ಉರಿದುಕೊಂಡಿದ್ದೇನೆ, ಬೆಳಿಗ್ಗೆ ಎದ್ದು ಹಲ್ಲುಜ್ಜಿದಷ್ಟೇ ನಿಯಮದಿಂದ. ಆದರೆ ಒಂದು ಮಾತು: ಮತ್ಸರದಷ್ಟು ಸೂಕ್ಷ್ಮವಾಗಿ ನೋಡುವ ಕಣ್ಣು ಪ್ರೀತಿಗೂ ಇಲ್ಲ. ಅವರ ಕೋಟಿಗೆ ಐದು ಗುಂಡಿಗಳಿದ್ದವು, ಮೇಲಿನಿಂದ ಮೂರನೆಯದು ಮಾತ್ರ ಬೇರೆ ಬಣ್ಣದ್ದು ಎಂಬುದು ಅವರ ಹೆಂಡತಿಯಾದ ನನ್ನ ಅಕ್ಕನಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿತ್ತು.

ಆ ಕೋಟು ಬೂದು ಬಣ್ಣದ್ದು. ಭಾವ ದುಡಿಯುತ್ತಿದ್ದ ಸೈಕಲ್ ಕಾರ್ಖಾನೆಯವರು ಕೆಲಸದವರಿಗೆ ಕೊಟ್ಟಿದ್ದು. ಕಾರ್ಖಾನೆ ಮುಚ್ಚಿ, ಅದರ ಗೇಟಿನ ಬೀಗವೂ ತುಕ್ಕು ಹಿಡಿದ ಮೇಲೂ ಭಾವ ಅದನ್ನು ಬಿಡಲಿಲ್ಲ. ನಡೆಯುವಾಗ, ಈಗಷ್ಟೇ ನೆಲ ಸಾರಿಸಿದ್ದಾರೇನೋ ಎಂಬಂತೆ ಒಂದೊಂದು ಹೆಜ್ಜೆಯನ್ನೂ ಅನುಮತಿ ಕೇಳಿ ಇಡುವರು. ಯಾರಾದರೂ ಅವಸರಪಡಿಸಿದರೆ, ಕೈಯಲ್ಲಿದ್ದ ವಸ್ತುವಿನ ಕಡೆಗೊಮ್ಮೆ ನೋಡಿ, "ಏನು, ಓಡಿ ಹೋಗುತ್ತಾ?" ಎನ್ನುವರು. ಬಸ್ಸಿನ ವಿಷಯದಲ್ಲೂ ಅದನ್ನೇ ಹೇಳಿ ಎಷ್ಟೋ ಬಸ್ಸುಗಳನ್ನು ಕಳೆದುಕೊಂಡಿದ್ದಾರೆ. ಬಸ್ಸು ನಿಜವಾಗಿಯೂ ಓಡಿಹೋಗುವ ವಸ್ತು ಎಂದು ಅಕ್ಕ ಎಷ್ಟು ಸಲ ಹೇಳಿದರೂ ಪ್ರಯೋಜನವಾಗಲಿಲ್ಲ.

ಕಾರ್ಖಾನೆ ಮುಚ್ಚಿದ ಮೇಲೆ ಅವರು ನಮ್ಮ ಷೆಡ್ಡಿಗೆ ಬಂದರು. ಷೆಡ್ಡು ಅಪ್ಪನದು. ತಗಡಿನ ಮಾಡು, ಮಸಿ ಹಿಡಿದ ಮೂರು ಗೋಡೆ, ನಾಲ್ಕನೆಯ ಬದಿ ಪೂರ್ತಿ ರಸ್ತೆಗೆ ತೆರೆದದ್ದು. ಅಪ್ಪ ವೆಲ್ಡರ್, ನಾನೂ ವೆಲ್ಡರ್. ಬರವಣಿಗೆ ನನಗೆ ತಡವಾಗಿ ಹತ್ತಿದ ಚಟ. ಗೇಟು, ಕಿಟಕಿಯ ಸರಳು, ಲಾರಿಯ ಮುರಿದ ಚಾಸಿ, ನೀರಿನ ಟ್ಯಾಂಕಿನ ಕಾಲು, ಇಂಥ ಒರಟು ಕೆಲಸಗಳಲ್ಲಿ ನಮ್ಮ ಹೊಟ್ಟೆ ತುಂಬುತ್ತಿತ್ತು. ಭಾವ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡು, ಹಿತ್ತಾಳೆಯ ಕಡ್ಡಿಗಳ ಒಂದು ಕಟ್ಟು, ಬೆಸುಗೆಯ ಜಾಗಕ್ಕೆ ಹಚ್ಚುವ ಬಿಳಿಗಾರದ ಪುಡಿಯ ಒಂದು ಡಬ್ಬಿ, ಸಣ್ಣ ಗ್ಯಾಸ್ ದೀವಟಿಗೆಯೊಂದು, ಮರಳುಕಾಗದದ ಚೂರುಗಳು, ಮತ್ತು ಲೆಕ್ಕವಿಲ್ಲದಷ್ಟು ಒರೆಸುವ ಬಟ್ಟೆಗಳನ್ನು ಇಟ್ಟುಕೊಂಡು ತಮ್ಮ ಬ್ರೇಜಿಂಗ್ ಶುರುಮಾಡಿದರು.

ಎರಡೂ ಬೆಸುಗೆಯೇ. ಆದರೆ ಎರಡರ ಸ್ವಭಾವ ಹಗಲಿಗೂ ಇರುಳಿಗೂ ಇರುವಷ್ಟು ದೂರ. ವೆಲ್ಡಿಂಗಿನಲ್ಲಿ ಸೇರಬೇಕಾದ ಎರಡು ಲೋಹಗಳೂ ಅಂಚಿನಲ್ಲಿ ಕರಗಿ, ತಾವು ಎರಡೆಂಬುದನ್ನೇ ಮರೆತು ಒಂದಾಗಬೇಕು. ಬ್ರೇಜಿಂಗಿನಲ್ಲಿ ಎರಡೂ ತಮ್ಮ ಪಾಡಿಗೆ ತಾವಿರುತ್ತವೆ. ಮಂದವಾಗಿ ಕೆಂಪಾಗುವಷ್ಟು ಬಿಸಿಯಾಗುತ್ತವೆ, ಅಷ್ಟೇ. ಕರಗುವುದು ನಡುವೆ ಇಟ್ಟ ಹಿತ್ತಾಳೆ, ಕೂದಲೆಳೆಯಷ್ಟು ಸಂದಿನೊಳಗೆ ತಾನಾಗಿ ನುಗ್ಗಿ ಎರಡನ್ನೂ ಹಿಡಿದು ಗಟ್ಟಿಯಾಗುವುದೂ ಅದೇ. ಆದ್ದರಿಂದಲೇ ತಾಮ್ರಕ್ಕೂ ಕಬ್ಬಿಣಕ್ಕೂ ನಂಟು ಕಟ್ಟಬೇಕಾದರೆ, ಕಾಗದದಷ್ಟು ತೆಳುವಾದ ಕೊಳವೆಗೆ ತೂತು ಬೀಳದಂತೆ ಬೆಸೆಯಬೇಕಾದರೆ ಬ್ರೇಜಿಂಗೇ ಬೇಕು. ಭಾರ ಹೊರುವ, ಬೆಂಕಿಯ ಬಳಿ ನಿಲ್ಲುವ ಕೆಲಸಕ್ಕೆ ವೆಲ್ಡಿಂಗಿಗೆ ಸಾಟಿಯಿಲ್ಲ. ಹಿತ್ತಾಳೆಯ ಬೆಸುಗೆ ಮತ್ತೆ ಕಾಯಿಸಿದರೆ ಬಿಟ್ಟುಕೊಳ್ಳುತ್ತದೆ. ಇನ್ನೊಂದು ಭೇದವೂ ಉಂಟು. ವೆಲ್ಡಿಂಗು ಅಷ್ಟಿಷ್ಟು ಕೊಳೆಯನ್ನು ಸಹಿಸಿಕೊಳ್ಳುತ್ತದೆ. ಹಿತ್ತಾಳೆ ಸಹಿಸುವುದಿಲ್ಲ, ಬೆರಳಿನ ಎಣ್ಣೆ ತಾಗಿದ ಕಡೆಗೂ ಅದು ಹರಿಯದೆ ಮುಖ ತಿರುಗಿಸುತ್ತದೆ. ಭಾವನ ಒರೆಸುವ ಚಟದ ಮೂಲ ಇದು. ದಿನವೆಲ್ಲ ಸೈಕಲ್ಲಿನ ಕೊಳವೆಗಳನ್ನು ಒರೆಸಿ ಬೆಸೆದ ಕೈಗೆ, ಆಮೇಲೆ ಲೋಕವೇ ಒಂದು ಒರೆಸದ ಕೊಳವೆಯಾಗಿ ಕಂಡಿರಬೇಕು.

"ಕರಗಿದ್ರೇನೇ ಸೇರೋದು" ಎಂಬುದು ಅಪ್ಪನ ಸಿದ್ಧಾಂತ. "ಕರಗಿಸೋದ್ಯಾಕೆ ಮಾವ, ಬಿಸಿಯಾದ್ರೆ ಸಾಲ್ದಾ?" ಎಂಬುದು ಭಾವನ ಉತ್ತರ. ಮೊದಮೊದಲು ಚಹಾದ ಹೊತ್ತಿಗೆ ಈ ವಾದ ದಿನವೂ ನಡೆಯುತ್ತಿತ್ತು. ಅಪ್ಪನ ಪಕ್ಷ ವಹಿಸಿ ನಾನು ಅಪ್ಪನಿಗಿಂತ ಜೋರಾಗಿ ಕೂಗುತ್ತಿದ್ದೆ. ಆದರೆ ಒಂದು ದಿನ ಐಸ್ ಅಂಗಡಿಯವನು ತಂದ ತಾಮ್ರದ ಕೊಳವೆಯನ್ನು ಭಾವ ಬೆಸೆದು, ತಣಿಸಿ, ಒರೆಸಿ ಕೊಟ್ಟಾಗ ಅಪ್ಪ ಅದನ್ನು ಬೆಳಕಿಗೆ ಹಿಡಿದು, ಬೆರಳಾಡಿಸಿ, ಬೆಸುಗೆ ಎಲ್ಲಿದೆ ಎಂದು ಬೆರಳಿಗೆ ಸಿಕ್ಕದೆ, "ಭೇಷ್!" ಎಂದುಬಿಟ್ಟರು. ನಾನು ಹದಿನೇಳನೆಯ ವಯಸ್ಸಿನಿಂದ ಅಪ್ಪನ ಪಕ್ಕದಲ್ಲಿ ವೆಲ್ಡಿಂಗ್ ರಾಡು ಹಿಡಿದವನು. ನನ್ನ ಕೆಲಸಕ್ಕೆ ಅಪ್ಪ ಕೊಟ್ಟ ಅತ್ಯುನ್ನತ ಪ್ರಶಸ್ತಿ "ನಡೆಯುತ್ತೆ" ಎಂಬುದು. ಆ 'ಭೇಷ್' ಎಂಬ ಎರಡಕ್ಷರ ನನ್ನ ಗಂಟಲಿನಲ್ಲಿ ಎಷ್ಟೋ ದಿನ ಮೀನಿನ ಮುಳ್ಳಾಗಿ ಕೂತಿತ್ತು.

ವೆಲ್ಡರನ ಬಾಳಿನಲ್ಲಿ ಒಂದು ಅನ್ಯಾಯವಿದೆ. ಅವನ ಕೆಲಸವನ್ನು ಯಾರೂ ನೋಡುವಂತಿಲ್ಲ. ಅಡುಗೆಯವನ ಕೈಯನ್ನು ನೋಡಬಹುದು, ಬಡಗಿಯ ಕೈಯನ್ನು ನೋಡಬಹುದು, ಕ್ಷೌರಿಕನ ಕೈಯನ್ನು ಕನ್ನಡಿಯಲ್ಲಿ ನೋಡಬಹುದು. ವೆಲ್ಡರನು ರಾಡು ತಾಗಿಸಿದ ಕ್ಷಣದಲ್ಲಿ ಸುತ್ತಲಿನವರೆಲ್ಲ ಮುಖ ತಿರುಗಿಸುತ್ತಾರೆ, ನೋಡಿದರೆ ಕಣ್ಣು ಹೋಗುತ್ತದೆ. ಅವನೂ ಮುಖವಾಡದ ಹಿಂದೆ. ಭಾವನ ಪುಟ್ಟ ಜ್ವಾಲೆಯೋ, ಬಣ್ಣದ ಕನ್ನಡಕವೊಂದಿದ್ದರೆ ಹತ್ತಿರದಿಂದ, ಇಲ್ಲದಿದ್ದರೆ ನಾಲ್ಕು ಮಾರು ದೂರದಿಂದ ಯಾರು ಬೇಕಾದರೂ ನೋಡಬಹುದು. ಮುಖ ತೆರೆದೇ ಕೆಲಸ ಮಾಡುತ್ತಿದ್ದರು. ದಾರಿಹೋಕರು ನಿಂತು ನೋಡುತ್ತಿದ್ದರು. ಅಕ್ಕ ಊಟದ ಡಬ್ಬಿ ತಂದವಳು ಕೊಟ್ಟು ಹೋಗದೆ ಗಂಡನ ಕೈಯನ್ನೇ ನೋಡುತ್ತಾ ನಿಲ್ಲುತ್ತಿದ್ದಳು. ನನ್ನ ಕಡೆಯಿಂದ ಕಿಡಿ ಹಾರಿದರೆ, "ಅಯ್ಯೋ, ಸ್ವಲ್ಪ ನಿಲ್ಸೋ" ಎನ್ನುತ್ತಿದ್ದಳು.

ಇದನ್ನೆಲ್ಲ ನುಂಗಿಕೊಂಡೇನು ಎಂದುಕೊಂಡಿದ್ದೆ. ಅಷ್ಟರಲ್ಲಿ ಅಪ್ಪನಿಗೆ ಕಣ್ಣಿನ ಪೊರೆಯ ಆಪರೇಷನ್ನಾಯಿತು. ಇನ್ನು ಮೇಲೆ ವೆಲ್ಡಿಂಗಿನ ಬೆಳಕನ್ನು ಮುಖವಾಡದ ಹಿಂದಿನಿಂದಲೂ ನೋಡಕೂಡದೆಂದು ಡಾಕ್ಟರು ಅಪ್ಪಣೆ ಮಾಡಿದರು. ಅಪ್ಪ ಮನೆಯಲ್ಲಿ ಕೂರುವ ಆಸಾಮಿಯೇ? ಮರುವಾರವೇ ಷೆಡ್ಡಿಗೆ ಬಂದರು. ಬಂದವರು ನನ್ನ ಬದಿಯಲ್ಲಿದ್ದ ತಮ್ಮ ಸ್ಟೂಲನ್ನು ಎತ್ತಿಕೊಂಡು ಹೋಗಿ ಭಾವನ ಮೂಲೆಯಲ್ಲಿ ಹಾಕಿಕೊಂಡು ಕೂತರು. ಭಾವ ಹಸಿರು ಗಾಜಿನ ಕನ್ನಡಕವೊಂದನ್ನು ತಂದು, ಒರೆಸಿ, ಎರಡೂ ಕೈಯಿಂದ ಅಪ್ಪನ ಮೂಗಿನ ಮೇಲಿಟ್ಟರು. ಅಂದಿನಿಂದ ನಾನು ಮುಖವಾಡ ಎತ್ತಿದಾಗಲೆಲ್ಲ ಕಾಣುತ್ತಿದ್ದುದು ಒಂದೇ ದೃಶ್ಯ: ಅಪ್ಪನ ಬೆನ್ನು ಅರ್ಧ ನನ್ನ ಕಡೆಗೆ, ಹಸಿರು ಕನ್ನಡಕ ಪೂರ್ತಿ ಭಾವನ ಜ್ವಾಲೆಯ ಕಡೆಗೆ. ಹೆತ್ತ ಅಪ್ಪ ಒಂದು ದಿನವಾದರೂ ಹಾಗೆ ಕೂತು ನನ್ನ ಕೈಯನ್ನು ನೋಡಲಿಲ್ಲವಲ್ಲ ಎಂದು, ಮೂರು ಮಕ್ಕಳ ತಂದೆಯಾದ ನಾನು, ಮುಖವಾಡವನ್ನು ಮತ್ತೆ ಇಳಿಸಿಕೊಂಡು ಅತ್ತದ್ದುಂಟು. ಮುಖವಾಡದ ಉಪಕಾರ ಅದೊಂದು.

ಈಗ ವೈಸಿನ ಪ್ರಸಂಗ ಹೇಳಬೇಕು. ಮೇಜಿನ ತುದಿಗೆ ಬೋಲ್ಟು ಹಾಕಿ ಕೂರಿಸಿದ, ಕೆಲಸದ ತುಂಡನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ಆ ಎರಕ ಹೊಯ್ದ ಬೀಡು ಕಬ್ಬಿಣದ ವೈಸು ಅಪ್ಪನ ಮೊದಲ ಆಸ್ತಿ. ಅಕ್ಕನಿಗಿಂತ ಹಿರಿಯದು. ಅದರ ಹಿಡಿ ಅಪ್ಪನ ಅಂಗೈಯ ಆಕಾರಕ್ಕೆ ಸವೆದಿತ್ತು. ಒಂದು ಬೆಳಿಗ್ಗೆ ದಪ್ಪ ಸರಳೊಂದನ್ನು ಅದರಲ್ಲಿ ಕಚ್ಚಿಸಿ ಸುತ್ತಿಗೆಯಿಂದ ಬಗ್ಗಿಸುವಾಗ ನನ್ನ ಪೆಟ್ಟು ಜೋರಾಗಿ, ವೈಸಿನ ದವಡೆಯಲ್ಲಿ ಬೆರಳುದ್ದ ಬಿರುಕು ಬಿಟ್ಟಿತು. ಅಪ್ಪ ಬಂದು ಬಿರುಕಿನ ಮೇಲೆ ಕೈಯಾಡಿಸಿದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಮುಟ್ಬೇಡ. ಅಳಿಯಂದ್ರು ಬರ್ಲಿ" ಎಂದಷ್ಟೇ ಹೇಳಿದರು. ಭಾವ ಅಕ್ಕನೊಡನೆ ಪರವೂರಿಗೆ ಹೋಗಿದ್ದರು, ಮೂರು ದಿನ ಬಿಟ್ಟು ಬರುವವರು.

ಬೀಡು ಕಬ್ಬಿಣವನ್ನು ಸಾಧಾರಣ ರಾಡಿನಿಂದ ನೇರವಾಗಿ ವೆಲ್ಡ್ ಮಾಡಬಾರದೆಂಬುದು ಈ ಕಸುಬಿನ ಅ ಆ ಇ ಈ. ಅದು ಪೆಡಸು ಲೋಹ. ಒಂದು ಕಡೆ ಕರಗುವಷ್ಟು ಕಾದು ಉಳಿದೆಡೆ ತಣ್ಣಗಿದ್ದರೆ, ಆರುವಾಗ ತನ್ನನ್ನು ತಾನೇ ಎಳೆದು ಹರಿದುಕೊಳ್ಳುತ್ತದೆ. ನನಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೂ ಎರಡನೆಯ ದಿನ ಮಧ್ಯಾಹ್ನ ಅಪ್ಪ ಊಟಕ್ಕೆ ಹೋದಾಗ ಮುಖವಾಡ ಇಳಿಸಿದೆ. 'ಅಳಿಯಂದ್ರು ಬರ್ಲಿ' ಎಂಬ ಮಾತು ಕಿವಿಯಲ್ಲಿ ಕೊರೆಯುತ್ತಿರುವಾಗ ಯಾವ ಶಾಸ್ತ್ರ, ಯಾವ ಲೋಹ? ಬೆಸುಗೆಯೇನೋ ನೋಡಲು ಬಲು ಸೊಗಸಾಗಿ ಬಂತು. ಒತ್ತೊತ್ತಾಗಿ ಸಮನಾದ ಅಲೆಗಳು. ಅಪ್ಪ ಬಂದರು, ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ನಾನು ಉಸಿರು ಹಿಡಿದು ಕಾದೆ. ಅಪ್ಪನ ತುಟಿ ಮಾತಿಗೆ ತೆರೆಯುತ್ತಿದ್ದ ಹೊತ್ತಿಗೆ ಸರಿಯಾಗಿ ವೈಸು 'ಟಿಣ್' ಎಂದಿತು. ಬೆಸುಗೆಯ ಪಕ್ಕದಲ್ಲೇ, ಮೊದಲಿನದಕ್ಕಿಂತ ಎರಡರಷ್ಟು ಉದ್ದನೆಯ ಹೊಸ ಬಿರುಕು. "ಬೀಡು ಕಣೋ ಅದು" ಎಂದರು ಅಪ್ಪ, ಮಗುವಿಗೆ ಹೇಳುವ ಹಾಗೆ. ಏನು ಹೇಳಲು ತುಟಿ ತೆರೆದಿದ್ದರೆಂದು ನಾನು ಕೇಳಲಿಲ್ಲ.

ಭಾವ ಬಂದರು. ನೋಡಿದರು. ಯಾರು ಮಾಡಿದ್ದೆಂದು ಕೇಳಬೇಕಾದ ಅಗತ್ಯವಿರಲಿಲ್ಲ, ಕೇಳಲೂ ಇಲ್ಲ. ವೈಸನ್ನು ಬಿಚ್ಚಿ, ಒರೆಸಿ, ನಾನು ಹಾಕಿದ ಬೆಸುಗೆಯನ್ನು ಒಂದು ಚೂರೂ ಉಳಿಯದಂತೆ ಅರೆದು ತೆಗೆಯಲು ಕೂತರು. ಒಂದೂವರೆ ದಿನ ಹಿಡಿಯಿತು. ಆ ಅರೆಯುವ ಸದ್ದಿನಲ್ಲಿ ಕೂತು ಬೇರೆ ಕೆಲಸ ಮಾಡುವುದೆಂದರೆ ಏನೆಂದು ಅನುಭವಿಸಿದವನಿಗೇ ಗೊತ್ತು. ಒಂದು ಮಾತು ಆಡಿದ್ದರೆ ಜಗಳವಾದರೂ ಆಡಬಹುದಿತ್ತು. ಮನುಷ್ಯ ಸಜ್ಜನಿಕೆಯಿಂದ ಹೊಡೆಯುವ ಪೆಟ್ಟಿಗೆ ತಿರುಗಿ ಹೊಡೆಯಲು ಜಾಗವೇ ಸಿಕ್ಕುವುದಿಲ್ಲ.

ಬೆಸುಗೆಯ ದಿನ ಇಡೀ ವೈಸನ್ನು ಇದ್ದಿಲ ಕೆಂಡದಲ್ಲಿಟ್ಟು ನಿಧಾನವಾಗಿ ಕಾಯಿಸಿದರು. ಆಮೇಲೆ ನನ್ನನ್ನು ಕರೆದು ಎರಡನೆಯ ದೀವಟಿಗೆಯನ್ನು ಕೈಗಿತ್ತರು. "ಹಿತ್ತಾಳೆ ಬಿಸಿ ಎಲ್ಲಿದೆಯೋ ಆ ಕಡೆ ಹರಿಯುತ್ತೆ. ನಾನು ಈಚೆಯಿಂದ ಹಾಕ್ತೀನಿ, ನೀನು ಆಚೆಯಿಂದ ಎಳ್ಕೋ. ಒಬ್ಬನ ಕೈಲಿ ಆಗೋ ಕೆಲಸ ಅಲ್ಲಪ್ಪಾ ಇದು." ನಾನು ಆಚೆ ಬದಿಗೆ ಜ್ವಾಲೆ ಹಿಡಿದೆ. ಬಿಳಿಗಾರ ಉಬ್ಬಿ, ಕರಗಿ, ಗಾಜಿನಂತೆ ತಿಳಿಯಾಯಿತು. ಭಾವ ಕಡ್ಡಿ ತಾಗಿಸಿದರು. ಹಳದಿಯ ಗೆರೆಯೊಂದು ಬಿರುಕಿನೊಳಗೆ ಇಳಿದು, ನನ್ನ ಕಡೆಗೆ ಬಂದು, ನನ್ನ ಜ್ವಾಲೆಯ ಮುಂದೆ ಹೊಳೆಯಿತು. ಎರಡು ಹಗಲು ಬೂದಿಯಲ್ಲಿ ಹೂತಿಟ್ಟು ಆರಿಸಿದ ಮೇಲೆ ಅಪ್ಪ ಹಿಡಿ ತಿರುಗಿಸಿ ನೋಡಿದರು. ಭಾವ ಹೇಳಿದರು: "ಮಾವ, ಆಚೆಗೆ ಎಳೆದಿದ್ದು ಅವನು. ನಾನು ಬರೀ ಕಡ್ಡಿ ಇಟ್ಟೆ." ಹಸಿರು ಕನ್ನಡಕ ನನ್ನ ಕಡೆ ತಿರುಗಿತು. "ನಡೆಯುತ್ತೆ" ಎಂದರು ಅಪ್ಪ.

ಆ ಸಂತೋಷ ಮೂರು ವರ್ಷ ಬಾಳಿತು. ಆಮೇಲೊಂದು ದಿನ, ವೈಸಿಗಿಂತ ಎರಡು ಪಟ್ಟು ದೊಡ್ಡದಾದ ಪ್ರೆಸ್ಸಿನ ಬೀಡು ಚೌಕಟ್ಟನ್ನು ಭಾವ ಒಬ್ಬರೇ, ಒಂದೇ ದೀವಟಿಗೆಯಲ್ಲಿ, ಯಾರ ನೆರವೂ ಇಲ್ಲದೆ ಬೆಸೆದದ್ದನ್ನು ನಾನು ನನ್ನ ಬದಿಯಿಂದ ಕಂಡೆ. ಅಂದರೆ ಆ ದಿನ ಎರಡನೆಯ ಜ್ವಾಲೆ ಬೇಕಿರಲಿಲ್ಲ. ನನಗೆ ಬೇಕಿತ್ತು, ಆದ್ದರಿಂದ ಕೊಟ್ಟಿದ್ದರು. ಅಂಥ ಮನುಷ್ಯನ ಮೇಲೆ ಕೃತಜ್ಞತೆ ಹುಟ್ಟಬೇಕಾದದ್ದು ಧರ್ಮ. ನನಗೆ ಹುಟ್ಟಿದ್ದು ಇನ್ನೂ ಕಡುವಾದ ಮತ್ಸರ. ಅದುವರೆಗೆ ಅವರ ಕೈಯ ಮೇಲೆ ಇದ್ದ ಹೊಟ್ಟೆಯುರಿ ಅಂದಿನಿಂದ ಅವರ ಗುಣದ ಮೇಲೂ ಹರಡಿತು. ಕೈಯನ್ನಾದರೂ ಕಲಿಯಬಹುದು, ಗುಣಕ್ಕೆ ಎಲ್ಲಿಗೆ ಹೋಗಲಿ?

ಅಪ್ಪ ತೀರಿಕೊಂಡು ಐದು ವರ್ಷವಾದ ಮೇಲೆ ಭಾವನ ಕೈ ನಡುಗತೊಡಗಿತು. ಕಡ್ಡಿ ಸಂದಿಗೆ ತಾಗುವ ಬದಲು ಪಕ್ಕಕ್ಕೆ ತಾಗುವುದು. ಒಂದು ದಿನ ದೀವಟಿಗೆ ಆರಿಸಿ, ಒರೆಸಿ, ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರು. ಮತ್ತೆ ತೆಗೆಯಲಿಲ್ಲ. ಆದರೆ ಷೆಡ್ಡಿಗೆ ಬರುವುದನ್ನು ಬಿಡಲಿಲ್ಲ. ಅಪ್ಪನ ಸ್ಟೂಲನ್ನು ಎತ್ತಿ ತಂದು, ಒರೆಸಿ, ನನ್ನ ಬದಿಯಲ್ಲಿ ಹಾಕಿಕೊಂಡು, ನನಗೆ ಬೆನ್ನುಮಾಡಿ ಗೋಡೆ ನೋಡುತ್ತಾ ಕೂರುವರು. ನೋಡುವಂತಿಲ್ಲ ಸರಿ, ಬೆನ್ನು ತೋರಿಸಲು ನನ್ನ ಪಕ್ಕಕ್ಕೇ ಬರಬೇಕೇ ಎಂದು ನಾನು ಒಳಗೊಳಗೇ ಕುದಿದೆ.

ಒಂದು ಮಧ್ಯಾಹ್ನ ಉದ್ದನೆಯ ಬೆಸುಗೆಯೊಂದನ್ನು ಮುಗಿಸಿ ಮುಖವಾಡ ಎತ್ತಿದೆ. ಭಾವ ಗೋಡೆಯ ಕಡೆಗೆ ಮುಖ ಮಾಡಿಕೊಂಡೇ, "ಕೊನೇಲಿ ಸ್ವಲ್ಪ ಅವಸರ ಮಾಡ್ದೆ ಅಲ್ವಾ?" ಎಂದರು.

ನೋಡಿದರೆ ಹೌದು. ಕೊನೆಯ ಎರಡಂಗುಲ ತೆಳುವಾಗಿತ್ತು. "ನಿಮಗೆ ಹೇಗೆ ಗೊತ್ತಾಯ್ತು ಭಾವ?"

"ಕೇಳಿಸ್ತು. ಕಾದ ಎಣ್ಣೇಲಿ ಹುರಿದ ಹಾಗೆ ಒಂದೇ ಸಮ ಬರ್ತಿತ್ತು. ಕೊನೇಲಿ ಸದ್ದು ಒಡೀತು."

"ವೆಲ್ಡಿಂಗ್ ಸದ್ದು ನಿಮಗ್ಯಾರು ಹೇಳಿಕೊಟ್ರು?"

"ಮಾವ."

ಭಾವ ಸ್ಟೂಲಿನ ಮೇಲೆ ನಿಧಾನವಾಗಿ ಈ ಕಡೆ ತಿರುಗಿದರು. "ನನ್ನ ಪಕ್ಕದಲ್ಲಿ ಕೂತು ಅವರು ನನ್ನ ಕೆಲಸ ನೋಡ್ತಿದ್ರು ಅಂದ್ಕೊಂಡಿದ್ದೀಯಾ? ನಾನೂ ಹಾಗೇ ಅಂದ್ಕೊಂಡಿದ್ದೆ. ಒಂದ್ಸಲ ಜೀವಮಾನದಲ್ಲಿ ಒಮ್ಮೆ ಆಗೋ ಅಂಥ ಬೆಸುಗೆ ಮಾಡಿ ತಲೆ ಎತ್ತಿದ್ರೆ, ಕನ್ನಡಕದ ಒಳಗೆ ಕಣ್ಣು ಮುಚ್ಕೊಂಡಿದ್ದಾರೆ. ನಿದ್ದೆ ಬಂತಾ ಮಾವ ಅಂದೆ. 'ಶ್, ಕೇಳಿ ಅಳಿಯಂದ್ರೇ, ಹೇಗೆ ಹೋಗ್ತಿದೆ ನೋಡಿ, ಎಲ್ಲೂ ಮುರೀತಿಲ್ಲ' ಅಂದ್ರು. ದಿನಾ ಅದೇ. ಕನ್ನಡಕ ನನ್ನ ಕಡೆ, ಕಿವಿ ನಿನ್ನ ಕಡೆ."

ನನಗೆ ಸಿಟ್ಟು ಬಂತು. "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಭಾವ? ಅಪ್ಪ ಇದ್ದಾಗ ಯಾಕೆ ಹೇಳ್ಲಿಲ್ಲ?"

ಅವರು ಎಡಜೇಬಿನಿಂದ ಬಟ್ಟೆ ತೆಗೆದರು. ಕನ್ನಡಕ ತೆಗೆದು ಒರೆಸಿದರು. ಅದರಲ್ಲಿ ಒರೆಸಲು ಏನೂ ಇರಲಿಲ್ಲ. ಮತ್ತೆ ಒರೆಸಿದರು. "ಹೊಟ್ಟೆ ಉರಿ ಕಣಯ್ಯಾ" ಎಂದರು. "ನಾನು ಎಂಥಾ ಕೆಲಸ ಮಾಡಿದ್ರೂ ಅವರಿಗೆ ಅದು ಹೊತ್ತು ಕಳೆಯೋ ತಮಾಷೆ. ನೀನು ಗೇಟಿಗೆ ಸರಳು ಅಂಟಿಸಿದ್ರೂ ಅದು ಸಂಗೀತ. ಹೇಳಬೇಕು ಅನ್ನಿಸ್ತಿತ್ತು. ಬಾಯಿ ಬರ್ಲಿಲ್ಲ."

ಮೂವತ್ತು ವರ್ಷ ಲೋಕದಲ್ಲಿದ್ದ ಬಾಗಿಲ ಹಿಡಿ, ಲೋಟ, ಪೆನ್ನುಗಳನ್ನೆಲ್ಲ ಒರೆಸಿದ ಮನುಷ್ಯ ತಮ್ಮೊಳಗಿನ ಈ ಒಂದು ಕೊಳೆಯನ್ನು ಒರೆಸದೆ ಹಾಗೇ ಇಟ್ಟುಕೊಂಡಿದ್ದರು! ಒರೆಸಪ್ಪನೆಂದು ನಾನಿಟ್ಟ ಹೆಸರು ಅಂದು ನನಗೇ ಮೊದಲ ಸಲ ಸುಳ್ಳೆನಿಸಿತು, ಮತ್ತು ನಮ್ಮ ಭಾವ ಅಂದು ನನಗೆ ಮೊದಲ ಸಲ ಇಷ್ಟವಾದರು. ಇಬ್ಬರೂ ಆ ವೈಸಿನ ಹಳದಿ ಗೆರೆಯನ್ನು ನೋಡಿದೆವು. ಆಮೇಲೆ ನಾನು ಆ ಎರಡಂಗುಲವನ್ನು ಅರೆದು ತೆಗೆದು, ಮತ್ತೆ ಬೆಸೆದೆ. ಭಾವ ಗೋಡೆಗೆ ಮುಖ ಮಾಡಿ ಕೇಳಿದರು.

ಚೊಕ್ಕಟದ ಜನರನ್ನು ಕಂಡರೆ ನಮ್ಮಂಥವರಿಗೆ ಮೈಯೆಲ್ಲ ಉರಿಯುತ್ತದೆ. ಅವರಲ್ಲಿ ಕೊಳೆಯೇ ಇಲ್ಲವೆಂದು ನಾವು ತಿಳಿದಿರುತ್ತೇವೆ. ಬೆಸೆಯುವವನನ್ನು ಕೇಳಿದರೆ ಹೇಳುತ್ತಾನೆ, ಕೊಳೆಯಿಲ್ಲದ ಲೋಹವೇ ಇಲ್ಲ. ಒರೆಸಿ ಇಟ್ಟದ್ದೂ ಗಾಳಿಗೆ ಮಂಕಾಗುತ್ತದೆ. ಅದನ್ನು ಬಲ್ಲವನೇ ಮತ್ತೆ ಮತ್ತೆ ಬಟ್ಟೆ ತೆಗೆಯುವವನು. ಅಂಥವರು ತಮಗೆ ಸಲ್ಲಬೇಕಾದ ಪಾಲನ್ನು ಪಕ್ಕದವನಿಗೆ ಕೊಡಬಲ್ಲರು, ಬೇಕಿಲ್ಲದ ಕಡೆಯೂ ಇನ್ನೊಂದು ಜ್ವಾಲೆಗೆ ಜಾಗ ಮಾಡಬಲ್ಲರು. ಒಂದೇ ಒಂದು ಮಾತನ್ನು ಮಾತ್ರ, ತಮಗೆ ದಕ್ಕದ್ದು ಇನ್ನೊಬ್ಬನಿಗೆ ದಕ್ಕಿತ್ತು ಎಂಬ ಮಾತನ್ನು ಮಾತ್ರ, ಕೈ ನಡುಗುವ ತನಕ ಜೇಬಿನಲ್ಲೇ ಇಟ್ಟುಕೊಳ್ಳುತ್ತಾರೆ. ಅದಕ್ಕಾಗಿ ಅವರನ್ನು ಕ್ಷಮಿಸಬೇಕು. ನಾನೂ ಕ್ಷಮಿಸಿದ್ದೇನೆ. ಆದರೆ ಅಪ್ಪ ಕಣ್ಣು ಮುಚ್ಚಿ ನನ್ನ ಕೆಲಸವನ್ನು ಕೇಳುತ್ತಿದ್ದಾಗ ಆ ಮುಖ ಹೇಗಿತ್ತೆಂದು ಭಾವ ಕಂಡಿದ್ದಾರೆ, ನಾನು ಕಂಡಿಲ್ಲ.